ಗಿಳಿಮರಿಯ ಗುಟುಕು

ಗಿಳಿಯನ್ನು ಸಾಕುವ ಹಂಬಲ ನಮ್ಮ ಜನಕ್ಕೆ ಇಂದು ನಿನ್ನೆಯದಲ್ಲ. ಅರಮನೆಯ ಅಂತಃಪುರದಿಂದ ಮೊದಲಾಗಿ ಸಂತೆಯ ಮೂಲೆಯಲ್ಲಿ ಕುಳಿತು ಗಿಣಿಶಾಸ್ತ್ರ ಹೇಳುವವನ ಪಂಜರದವರೆಗೆ ಈ ಹಕ್ಕಿ ಮನುಷ್ಯನ ಜೊತೆಯಲ್ಲಿ ಬಾಳಿ ಬಂದಿದೆ. ಈಚಿನ ವರ್ಷಗಳಲ್ಲಿ ಆ ಹಂಬಲವು ಹೊಸದೊಂದು ರೂಪವನ್ನು ತಾಳಿದೆ. ಹಕ್ಕಿಗಳನ್ನು ಮಾರುವ ಅಂಗಡಿಗಳಲ್ಲಿ ಬೆಳೆದ ಗಿಳಿಗಳ ಜೊತೆಗೆ, ಇನ್ನೂ ತಾನಾಗಿ ತಿನ್ನಲಾರದ ಮರಿಗಳನ್ನೂ ಮಾರುವುದುಂಟು. ಮರಿಯೊಡನೆ ಒಂದು ಸಿರಿಂಜು, ಒಂದು ಪೊಟ್ಟಣ ಹಿಟ್ಟು, ಅರ್ಧ ನಿಮಿಷದ ಉಪದೇಶ ದೊರೆಯುತ್ತವೆ. “ನೀವೇ ಗುಟುಕು ಕೊಟ್ಟು ಬೆಳೆಸಿರಿ, ನಿಮ್ಮನ್ನೇ ತಾಯಿಯೆಂದು ತಿಳಿಯುತ್ತದೆ” ಎಂಬುದು ಆ ಉಪದೇಶದ ಸಾರ. ಕೊಳ್ಳುವವರಲ್ಲಿ ಅನೇಕರು ಶಾಲೆ ಕಾಲೇಜುಗಳ ವಿದ್ಯಾರ್ಥಿಗಳು.

ಈ ವ್ಯಾಪಾರವು ನಿಲ್ಲಬೇಕು, ಗುಟುಕು ಬಿಡದ ಮರಿಯನ್ನು ಅನುಭವವಿಲ್ಲದವರು ಕೊಳ್ಳಬಾರದು ಎಂಬುದು ನಮ್ಮ ಅಭಿಪ್ರಾಯ. ನಾವು ಪಕ್ಷಿವೈದ್ಯರಲ್ಲ, ಭೌತಶಾಸ್ತ್ರವನ್ನು ಬೋಧಿಸುವವರು. ಆದರೆ ಆ ಮರಿಯ ಅಳಿವು ಉಳಿವುಗಳು ಬಹುಮಟ್ಟಿಗೆ ಶಾಖ, ತೂಕ, ಗಾತ್ರ ಎಂಬ ಮೂರು ವಿಷಯಗಳನ್ನು ಅವಲಂಬಿಸಿರುವುದರಿಂದ, ಇದರಲ್ಲಿ ಎರಡು ಮಾತನಾಡುವ ಅಧಿಕಾರ ನಮಗೂ ಉಂಟೆಂದು ಭಾವಿಸುತ್ತೇವೆ.

ಕಾಕಟೀಲ್ ಎಂಬ ಜುಟ್ಟಿನ ಗಿಳಿಯನ್ನೇ ತೆಗೆದುಕೊಳ್ಳೋಣ. ಇದರ ತವರು ಆಸ್ಟ್ರೇಲಿಯಾ. ಪಂಜರದಲ್ಲಿಯೇ ಮರಿಮಾಡುವುದರಿಂದ ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿ ದೊರೆಯುತ್ತದೆ. ಮೊಟ್ಟೆಯೊಡೆದು ಹೊರಬಂದ ಮರಿಯ ತೂಕ ನಾಲ್ಕೈದು ಗ್ರಾಂ. ಐದು ರೂಪಾಯಿಯ ನಾಣ್ಯವು ಅದಕ್ಕಿಂತ ಹೆಚ್ಚು ತೂಗುತ್ತದೆ. ಕಣ್ಣು ಮುಚ್ಚಿರುತ್ತದೆ, ಮೈಮೇಲೆ ತೆಳುವಾದ ಹಳದಿ ನವಿರಲ್ಲದೆ ಗರಿಯಿಲ್ಲ. ಈಗ ಒಂದು ಲೆಕ್ಕ ಮಾಡೋಣ. 60 ಕಿಲೋಗ್ರಾಂ ತೂಗುವ ಮನುಷ್ಯನನ್ನೂ 6 ಗ್ರಾಂ ತೂಗುವ ಮರಿಯನ್ನೂ ಒಂದೇ ಆಕಾರದ ಎರಡು ವಸ್ತುಗಳೆಂದು ಇಟ್ಟುಕೊಂಡರೆ, ತೂಕದಲ್ಲಿ ಮನುಷ್ಯನು ಮರಿಯ 10,000 ಪಟ್ಟು ಆಗುತ್ತಾನೆ. ಉದ್ದವು ಈ ಸಂಖ್ಯೆಯ ಘನಮೂಲದಷ್ಟು, ಅಂದರೆ ಸುಮಾರು 21.5 ಪಟ್ಟು, ಮೈಯ ಹೊರಮೈ ಉದ್ದದ ವರ್ಗದಷ್ಟು, ಅಂದರೆ ಸುಮಾರು 460 ಪಟ್ಟು. ಶಾಖವು ಹುಟ್ಟುವುದು ಮೈಯೊಳಗೆ, ಸೋರಿಹೋಗುವುದು ಹೊರಮೈಯಿಂದ. ಆದುದರಿಂದ ಒಂದೊಂದು ಗ್ರಾಂ ತೂಕಕ್ಕೆ ಮರಿಯು ನಮಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚಾದ ಹೊರಮೈಯನ್ನು ಚಳಿಗೆ ಒಡ್ಡಿಕೊಂಡಿರುತ್ತದೆ. ಗರಿ ಬರುವವರೆಗೆ ತನ್ನ ಮೈಶಾಖವನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿಯೂ ಅದಕ್ಕಿಲ್ಲ. ಗೂಡಿನಲ್ಲಿ ತಾಯಿಯ ಎದೆಯೂ ಒಡಹುಟ್ಟಿದ ಮರಿಗಳ ಮೈಯೂ ಈ ಕೊರತೆಯನ್ನು ತುಂಬುತ್ತವೆ. ಮನೆಯಲ್ಲಿ ಬೆಳೆಸುವವರು ಕಾವುಪೆಟ್ಟಿಗೆಯೊಂದನ್ನು ಮಾಡಿ, ಮೊದಲ ದಿನಗಳಲ್ಲಿ 35-36 ಡಿಗ್ರಿ ಸೆಂಟಿಗ್ರೇಡ್ ಇಟ್ಟು, ಗರಿ ಮೂಡಿದಂತೆಲ್ಲ ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತ ಬರಬೇಕು. ರಟ್ಟಿನ ಡಬ್ಬಿಯಲ್ಲಿ ಹಳೆಯ ಬಟ್ಟೆಯ ಚೂರನ್ನು ಹಾಸಿದರೆ ಇದು ಆಗುವುದಿಲ್ಲ. ಬಟ್ಟೆಯು ಇರುವ ಶಾಖವನ್ನು ಹಿಡಿದಿಡಬಲ್ಲದೇ ಹೊರತು ಶಾಖವನ್ನು ಹುಟ್ಟಿಸಲಾರದು.

ಇನ್ನು ಗುಟುಕಿನ ಶಾಖ. ಹಸುಗೂಸಿಗೆ ಹಾಲು ಕುಡಿಸುವ ತಾಯಿ ಮುಂಗೈಯ ಮೇಲೆ ಒಂದು ಹನಿ ಬಿಟ್ಟು ನೋಡುತ್ತಾಳೆ. ಮನುಷ್ಯನ ಮಗುವಿಗೆ ಅದು ಸಾಕು. ಗಿಳಿಗೆ ಸಾಲದು. ನಮ್ಮ ಮೈಯ ಉಷ್ಣತೆ 37 ಡಿಗ್ರಿ. ಗಿಳಿಯದು 41ರ ಸುಮಾರು. ನಮ್ಮ ಕೈಗೆ ಹಿತವಾಗಿ ಬೆಚ್ಚಗಿರುವ ಅಂಬಲಿಯು ಮರಿಯ ಒಡಲಿಗೆ ತಣ್ಣಗೆ ಎನಿಸಬಹುದು. ಗುಟುಕು 38ರಿಂದ 41 ಡಿಗ್ರಿಯೊಳಗೆ ಇರಬೇಕು. ಇದಕ್ಕಿಂತ ತಣ್ಣಗಾದರೆ ಮರಿಯು ಉಣ್ಣಲೊಲ್ಲದು, ಉಂಡರೂ ಜೀರ್ಣಕ್ರಿಯೆ ನಿಧಾನವಾಗುತ್ತದೆ. ಬಿಸಿ ಮೀರಿದರೆ ಕುತ್ತಿಗೆಯ ಬುಡದಲ್ಲಿ ಆಹಾರವು ತಂಗುವ ಚೀಲದ ಒಳಗೋಡೆಯೇ ಬೇಯುತ್ತದೆ. ಈ ಸುಟ್ಟ ಗಾಯವು ಕೂಡಲೇ ಕಾಣುವುದಿಲ್ಲ. ಕೆಲವು ದಿನಗಳ ಅನಂತರ ಎದೆಯ ಮೇಲಿನ ಚರ್ಮವು ಕಪ್ಪಾಗಿ ತೂತು ಬಿದ್ದು, ಉಂಡ ಅಂಬಲಿ ಹೊರಗೆ ಸೋರತೊಡಗಿದಾಗ ಮನೆಯವರಿಗೆ ತಿಳಿಯುತ್ತದೆ. ನೀರಿಗೂ ದಪ್ಪನೆಯ ಅಂಬಲಿಗೂ ಇರುವ ವ್ಯತ್ಯಾಸವನ್ನು ಇಲ್ಲಿ ಮರೆಯಬಾರದು. ನೀರಿನಲ್ಲಿ ಬಿಸಿಯಾದ ಭಾಗವು ಮೇಲೇರಿ ತಾನಾಗಿ ಬೆರೆಯುತ್ತದೆ, ಅಂಬಲಿಯಲ್ಲಿ ಈ ಚಲನೆ ಹೆಚ್ಚು ನಡೆಯದು. ಮೈಕ್ರೋವೇವ್ ಒಲೆಯಲ್ಲಿ ಇಟ್ಟರಂತೂ ಅಲೆಗಳು ಒಂದೆಡೆ ಪ್ರಬಲವಾಗಿಯೂ ಇನ್ನೊಂದೆಡೆ ದುರ್ಬಲವಾಗಿಯೂ ನಿಲ್ಲುವುದರಿಂದ, ಒಂದೇ ಬಟ್ಟಲಿನಲ್ಲಿ ಒಂದು ಚಮಚ ಬೆಚ್ಚಗೂ ಇನ್ನೊಂದು ಚಮಚ ಸುಡುವಂತೆಯೂ ಇರಬಹುದು. ಬಟ್ಟಲನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು ಕಾಯಿಸಿ, ಚೆನ್ನಾಗಿ ಕಲಕಿ, ಅಳೆದು ಕೊಡುವುದೇ ಸರಿ. ತಾಯಿ ತಂದೆ ಗಿಳಿಗಳಿಗೆ ಈ ಪಾಡಿಲ್ಲ. ತಮ್ಮ ಒಡಲಿನಿಂದ ಉಕ್ಕಿಸಿ ಕೊಡುವ ಗುಟುಕು ತಾನಾಗಿಯೇ ತಕ್ಕ ಶಾಖದಲ್ಲಿರುತ್ತದೆ.

ಅಳೆಯುವುದೆಂದರೆ ಸುಲಭವೆಂದು ತೋರಬಹುದು. ನಮ್ಮ ತರಗತಿಯ ವಿದ್ಯಾರ್ಥಿಯೊಬ್ಬನು ಮೂರು ವಾರದ ಕಾಕಟೀಲ್ ಮರಿಯನ್ನು ಕೊಂಡು ತಂದಿದ್ದನು. “ಸರ್, ನಲವತ್ತು ಡಿಗ್ರಿ ನೋಡಿಯೇ ಕೊಡುತ್ತಿದ್ದೇನೆ, ಆದರೂ ಮರಿ ದಿನದಿನಕ್ಕೆ ಕುಗ್ಗುತ್ತಿದೆ” ಎಂದು ಒಂದು ದಿನ ಪ್ರಯೋಗಾಲಯಕ್ಕೆ ಬಂದನು. ಯಾವ ಥರ್ಮಾಮೀಟರೆಂದು ಕೇಳಿದೆವು. ಮನೆಯಲ್ಲಿ ಜ್ವರ ನೋಡುವ ಪಾದರಸದ್ದು. “ಪ್ರತಿ ಸಾರಿಯೂ ಜಾಡಿಸಿ ಇಳಿಸಿದೆಯೇನಪ್ಪ?” ಎಂದುದಕ್ಕೆ ಹುಡುಗನ ಮುಖ ಬಾಡಿತು. ಜ್ವರದ ಥರ್ಮಾಮೀಟರಿನ ಬುರುಡೆಯ ಮೇಲೆ ಕೊಳವೆಯು ಸಣ್ಣಗೆ ಕೊಂಕಿರುವುದನ್ನು ವಿದ್ಯಾರ್ಥಿಗಳು ಬಲ್ಲರು. ಮೇಲೇರಿದ ಪಾದರಸವು ಆ ಕೊಂಕಿನಲ್ಲಿ ತುಂಡಾಗಿ ಮೇಲೆಯೇ ನಿಲ್ಲುತ್ತದೆ. ವೈದ್ಯನು ಬಾಯಿಂದ ತೆಗೆದು ಓದಲೆಂದೇ ಈ ಏರ್ಪಾಡು. ಮೊದಲ ಸಲ ನಲವತ್ತಕ್ಕೇರಿದ ಪಾದರಸವು, ಆಮೇಲೆ ಮೂವತ್ತರ ಅಂಬಲಿಯಲ್ಲಿ ಅದ್ದಿದರೂ ನಲವತ್ತನ್ನೇ ತೋರಿಸುತ್ತಿತ್ತು. ಪಠ್ಯಪುಸ್ತಕದಲ್ಲಿ ಈ ಪ್ರಶ್ನೆಗೆ ಆ ಹುಡುಗನು ಪೂರ್ಣ ಅಂಕ ಪಡೆದಿದ್ದನೆಂಬುದನ್ನೂ ಹೇಳಬೇಕು. ಆ ವೇಳೆಗೆ ಮರಿಯ ಚೀಲದಲ್ಲಿ ಅಂಬಲಿಯು ಕರಗದೆ ನಿಂತು ಹುಳಿತುಹೋಗಿತ್ತು. ಪಶುವೈದ್ಯರಲ್ಲಿಗೆ ಒಯ್ದರೂ ಎರಡು ದಿನಕ್ಕೆ ಸತ್ತಿತು. ಮಾರಿದವನು “ಮರಿಯೇ ದುರ್ಬಲವಾಗಿದ್ದಿರಬೇಕು, ಇನ್ನೊಂದನ್ನು ಕಡಮೆ ಬೆಲೆಗೆ ಕೊಡುತ್ತೇನೆ” ಎಂದನಂತೆ. ಹುಡುಗನ ಅಕ್ಕರೆಯಲ್ಲಿ ಕೊರತೆಯಿರಲಿಲ್ಲ. ರಾತ್ರಿ ಎರಡು ಗಂಟೆಗೂ ಎದ್ದು ಉಣಿಸಿದ್ದನು.

ಶಾಖವೊಂದನ್ನು ಗೆದ್ದರೆ ಮುಗಿಯಲಿಲ್ಲ. ಈಗ ಹೇಳಿದ ಚೀಲವನ್ನು ಅನ್ನಚೀಲವೆಂದು ಕರೆಯೋಣ. ಒಂದು ಸಲಕ್ಕೆ ಅದು ಹಿಡಿಯುವುದು ಮರಿಯ ತೂಕದ ಹತ್ತನೆಯ ಒಂದು ಪಾಲಿನಷ್ಟು: 50 ಗ್ರಾಂ ಮರಿಗೆ 5 ಮಿಲಿಲೀಟರ್. ಸಣ್ಣ ಪ್ರಮಾಣವೆಂದು ನಗಬಾರದು. ಅರುವತ್ತು ಕಿಲೋ ತೂಗುವವನು ಒಂದೇ ಸಲಕ್ಕೆ ಆರು ಲೀಟರ್ ಅಂಬಲಿ ಕುಡಿದಂತೆ ಇದು. ಹಿಂದಿನ ಗುಟುಕು ಇಳಿಯುವ ಮೊದಲೇ ಮತ್ತೆ ಮತ್ತೆ ತುಂಬಿದರೆ ಹಳೆಯದು ಕೊಳೆತು ಬೂಷ್ಟು ಬೆಳೆಯುತ್ತದೆ. ಆದುದರಿಂದ ದಿನಕ್ಕೊಮ್ಮೆ, ಸಾಮಾನ್ಯವಾಗಿ ಇರುಳಿನಲ್ಲಿ, ಚೀಲವು ಪೂರ್ತಿ ಬರಿದಾಗಲು ಬಿಡಬೇಕು. ಬೆಳಗ್ಗೆ ಚೀಲ ಬರಿದಾಗಿರುವಾಗ, ಮೊದಲ ಗುಟುಕಿಗೆ ಮುಂಚೆ, ಒಂದು ಗ್ರಾಂ ವ್ಯತ್ಯಾಸವನ್ನು ತೋರಿಸಬಲ್ಲ ತಕ್ಕಡಿಯಲ್ಲಿ ತೂಗಿ ಬರೆದಿಡಬೇಕು. ಬೆಳೆಯುವ ವಯಸ್ಸಿನಲ್ಲಿ ಒಂದು ದಿನ ತೂಕ ಏರದೆ ನಿಂತರೂ ಅದು ರೋಗದ ಮೊದಲ ಸುದ್ದಿ; ಮರಿಯ ಮುಖ ನೋಡಿ ತಿಳಿಯುವ ವೇಳೆಗೆ ಕಾಲ ಮಿಂಚಿರುತ್ತದೆ. ಹಾರುವ ದಿನ ಸಮೀಪಿಸಿದಾಗ ಮಾತ್ರ ತೂಕವು ತುಸು ಇಳಿಯುವುದು ಸಹಜ.

ಎಲ್ಲಕ್ಕಿಂತ ಬೇಗನೆ ಕೊಲ್ಲುವುದು ಉಸಿರುದಾರಿಗೆ ಹೋದ ಅಂಬಲಿ. ಗಿಳಿಯ ಶ್ವಾಸನಾಳದ ಬಾಯಿ ನಾಲಗೆಯ ಹಿಂದೆಯೇ ಇದೆ. ಅನ್ನನಾಳವು ಕುತ್ತಿಗೆಯ ಬಲಭಾಗದಲ್ಲಿ ಇಳಿಯುತ್ತದೆ. ಬಲ್ಲವರು ಮರಿಯ ಕೊಕ್ಕಿನ ಎಡಗಡೆಯಿಂದ ಬಲಕ್ಕೆ ಓರೆಯಾಗಿ ಸಿರಿಂಜನ್ನು ಹಿಡಿದು, ಮರಿಯು ತಲೆಯನ್ನು ಮೇಲೆ ಕೆಳಗೆ ಆಡಿಸುತ್ತ ನುಂಗುತ್ತಿರುವಾಗ ಮಾತ್ರ ಒತ್ತುತ್ತಾರೆ. ಮರಿ ನಿಲ್ಲಿಸಿದರೆ ಕೈಯೂ ನಿಲ್ಲಬೇಕು. ಇದು ಓದಿ ಬರುವ ವಿದ್ಯೆಯಲ್ಲ, ಬಲ್ಲವರ ಪಕ್ಕದಲ್ಲಿ ನಿಂತು ಕಲಿಯತಕ್ಕದ್ದು. ಇನ್ನು ಹಾಲಿನಲ್ಲಿ ನೆನೆಸಿದ ಬ್ರೆಡ್ಡು, ಬರಿಯ ನೆನೆಗಡಲೆ ಮುಂತಾದ ಮನೆಮದ್ದುಗಳು: ಹಾಲಿನ ಸಕ್ಕರೆಯನ್ನು ಅರಗಿಸುವ ಸಾಮರ್ಥ್ಯ ಹಕ್ಕಿಗಳಿಗಿಲ್ಲ, ಬರಿಯ ಕಡಲೆಯಲ್ಲಿ ಎಲುಬಿಗೆ ಬೇಕಾದಷ್ಟು ಸುಣ್ಣದ ಅಂಶವಿಲ್ಲ. ಕಾಲು ಸೊಟ್ಟಗಾದ ಎಷ್ಟೋ ಗಿಳಿಗಳ ಕಥೆ ಇಷ್ಟೇ. (ಮೆಣಸಿನಕಾಯಿಯನ್ನು ಮಾತ್ರ ಅದು ನಿರಾತಂಕವಾಗಿ ತಿನ್ನಬಲ್ಲದು, ನಮ್ಮ ನಾಲಗೆಯನ್ನು ಉರಿಸುವ ಅಂಶವು ಹಕ್ಕಿಯ ನರಗಳಿಗೆ ತಟ್ಟುವುದಿಲ್ಲ.)

ಇಷ್ಟೆಲ್ಲ ಕಷ್ಟವನ್ನು ಏಕೆ ಮೈಮೇಲೆ ಎಳೆದುಕೊಳ್ಳಬೇಕು? ಗಿಳಿ ಪಳಗುವುದಕ್ಕೆ ಎಂದು ಅಂಗಡಿಯವರ ಉತ್ತರ. ಈ ಉತ್ತರವನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಡೇವಿಸ್ ಶಾಖೆಯಲ್ಲಿ ಏಂಗಸ್ ಮತ್ತು ಮಿಲಮ್ ಎಂಬ ಸಂಶೋಧಕರು ಅಮೆಜಾನ್ ಗಿಳಿಯ ಮರಿಗಳನ್ನು ತಾಯಿ ತಂದೆಯರ ಬಳಿಯಲ್ಲಿಯೇ ಬಿಟ್ಟು, ದಿನವೂ ಸ್ವಲ್ಪ ಹೊತ್ತು ಕೈಯಲ್ಲೆತ್ತಿ ಸವರಿ ಮತ್ತೆ ಗೂಡಿಗಿಟ್ಟರು. ಗುಟುಕು ಕೊಟ್ಟವು ಹಿರಿಯ ಗಿಳಿಗಳೇ. ಹೀಗೆ ಬೆಳೆದ ಮರಿಗಳು ಮನುಷ್ಯನ ಬೆರಳ ಮೇಲೆ ಬಂದು ಕುಳಿತುಕೊಳ್ಳುವಷ್ಟು ಪಳಗಿದುವೆಂದು 1999ರಲ್ಲಿ ಪ್ರಕಟಿಸಿದರು. ಪಳಗಿಸಲು ಬೇಕಾದುದು ಕೈಯ ಪರಿಚಯವೇ ಹೊರತು ಸಿರಿಂಜಲ್ಲವೆಂದು ಇದರಿಂದ ನಾವು ತಿಳಿಯುತ್ತೇವೆ.

ಗೂಡಿನಿಂದ ಬೇಗನೆ ತೆಗೆದ ಮರಿಯು ಏನನ್ನು ಕಳೆದುಕೊಳ್ಳುತ್ತದೆಂಬುದನ್ನೂ ನೋಡಬೇಕು. ವೆನೆಜುವೆಲಾ ದೇಶದ ಪುಟ್ಟ ಗಿಳಿಯೊಂದರ ಗೂಡುಗಳಲ್ಲಿ ಕಾರ್ಲ್ ಬರ್ಗ್ ಮತ್ತು ಜೊತೆಗಾರರು ಧ್ವನಿಮುದ್ರಣ ಮಾಡಿ, ಒಂದೊಂದು ಮರಿಗೂ ತನ್ನದೇ ಆದ ಒಂದು ಕೂಗಿರುತ್ತದೆ, ಆ ಕೂಗನ್ನು ಅದು ತನ್ನನ್ನು ಸಾಕುವ ಹಿರಿಯ ಗಿಳಿಗಳಿಂದಲೇ ಕಲಿಯುತ್ತದೆ ಎಂದು 2011ರಲ್ಲಿ ತೋರಿಸಿಕೊಟ್ಟರು. ಹೆಸರಿಡುವ ಪದ್ಧತಿ ನಮ್ಮಲ್ಲಿ ಮಾತ್ರವೆಂದು ಹೆಮ್ಮೆಪಡುವವರು ಇದನ್ನು ಗಮನಿಸಬೇಕು. ಮನುಷ್ಯನನ್ನೇ ತಾಯಿಯೆಂದು ತಿಳಿದ ಗಿಳಿಯ ಗತಿಗೆ ನ್ಯೂಜಿಲೆಂಡಿನ ಸಿರೋಕೊ ಪ್ರಸಿದ್ಧವಾದ ನಿದರ್ಶನ. ಇದು ಹಾರಲಾರದ ಕಾಕಪೋ ಎಂಬ ದೊಡ್ಡ ಗಿಳಿ. 1997ರಲ್ಲಿ ಹುಟ್ಟಿದ ಈ ಮರಿಗೆ ಉಸಿರಾಟದ ಕಾಯಿಲೆ ಬಂದುದರಿಂದ ಕೈಯಲ್ಲಿ ಬೆಳೆಸಬೇಕಾಯಿತು. ಪ್ರಾಣ ಉಳಿಯಿತು, ಆದರೆ ದೊಡ್ಡದಾದ ಮೇಲೆ ತನ್ನ ಜಾತಿಯ ಹೆಣ್ಣುಗಳನ್ನು ಬಿಟ್ಟು ಮನುಷ್ಯರನ್ನೇ ಒಲಿಸಲು ಹೊರಟಿತು. 2009ರಲ್ಲಿ ಚಿತ್ರೀಕರಣಕ್ಕೆ ಹೋದ ಮಾರ್ಕ್ ಕಾರ್ವರ್ಡೈನ್ ಎಂಬ ಪ್ರಾಣಿಶಾಸ್ತ್ರಜ್ಞರ ತಲೆಯನ್ನೇರಿದ ಅದರ ಸಾಹಸವನ್ನು ಲೋಕವೆಲ್ಲ ನೋಡಿ ನಕ್ಕಿತು. ಅಳಿವಿನಂಚಿನಲ್ಲಿರುವ ಸಂತತಿಯಲ್ಲಿ ಒಂದು ಗಂಡು ಹೀಗಾಗುವುದು ನಗುವ ವಿಷಯವೇನೂ ಅಲ್ಲ.

ಕೈಗುಟುಕು ಎಂದೂ ಕೂಡದೆಂದು ನಾವು ವಾದಿಸುತ್ತಿಲ್ಲ. ಗಿಳಿಯ ಮೊಟ್ಟೆಗಳು ಒಂದೇ ದಿನ ಒಡೆಯುವುದಿಲ್ಲ. ಕಡೆಯದಾಗಿ ಹುಟ್ಟಿದ ಮರಿಯು ಅಣ್ಣಂದಿರ ನೂಕಾಟದಲ್ಲಿ ಗುಟುಕಿಲ್ಲದೆ ಸಾಯುವುದುಂಟು. ತಾಯಿ ಸತ್ತೀತು, ರೋಗ ಬಂದೀತು. ಕಾಕಪೋ ಸಂತತಿಯನ್ನು ಉಳಿಸುವವರು ಇಂದಿಗೂ ಬಡಕಲು ಮರಿಗಳನ್ನು ತಂದು ಉಣಿಸಿ ಬದುಕಿಸುತ್ತಾರೆ. ಅಲ್ಲಿ ಉಣಿಸುವವರು ಪಳಗಿದ ಕೈಯವರು. ಕಾರಣವೂ ಮರಿಯ ಹಿತ, ಕೊಳ್ಳುವವನ ಸಂತೋಷವಲ್ಲ.

ನಮ್ಮ ತೋಟಗಳಲ್ಲಿ ಕಾಣುವ ಗುಲಾಬಿ ಕೊರಳಿನ ಹಸುರು ಗಿಳಿಯ ವಿಷಯವೇ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ದೇಶದ ಕಾಡುಗಿಳಿಗಳನ್ನು ಹಿಡಿಯುವುದೂ ಮಾರುವುದೂ ಸಾಕಿಕೊಳ್ಳುವುದೂ ಅಪರಾಧ. ಆದರೂ ಬೇಸಗೆ ಬರುವ ಮುನ್ನ ಪೊಟರೆಗೆ ಕೈಹಾಕಿ ಮರಿ ತೆಗೆಯುವವರು ಇಲ್ಲದಿಲ್ಲ. ಗಾಳಿಗೆ ಬಿದ್ದ ಮರಿ ದಾರಿಯಲ್ಲಿ ಸಿಕ್ಕಿತೆಂದರೆ ಮನೆಗೆ ತರುವ ಮೊದಲು ಮರವನ್ನು ನೋಡಬೇಕು. ಪೊಟರೆ ಕಂಡು, ಕೈಗೆಟುಕುವಂತಿದ್ದರೆ ಅಲ್ಲಿಯೇ ಇಟ್ಟುಬಿಡಬೇಕು. ಮನುಷ್ಯನು ಮುಟ್ಟಿದ ಮರಿಯನ್ನು ತಾಯಿ ಸೇರಿಸದೆಂಬ ಮಾತು ನಿಜವಲ್ಲ. ಗೂಡು ಕಾಣದಿದ್ದರೆ, ಇಲ್ಲವೆ ಮರಿಗೆ ಗಾಯವಾಗಿದ್ದರೆ, ಅದನ್ನು ಬೆಚ್ಚಗಿನ ಕತ್ತಲ ಡಬ್ಬಿಯಲ್ಲಿಟ್ಟು, ಬಾಯಿಗೆ ಏನನ್ನೂ ಹಾಕದೆ, ಅರಣ್ಯ ಇಲಾಖೆಯವರಿಗೆ ಬೇಗನೆ ತಿಳಿಸಬೇಕು. ತಣ್ಣಗಾದ ಮರಿಗೆ ಮೊದಲು ಶಾಖ, ಆಮೇಲೆ ಆಹಾರ.

ಕಾಕಟೀಲನ್ನೇ ಕೊಂಡು ಸಾಕಬೇಕೆಂಬ ವಿದ್ಯಾರ್ಥಿಗಳು ಅಂಗಡಿಯಲ್ಲಿ ಅವಸರ ಮಾಡದೆ ನಿಲ್ಲಲಿ. ಮರಿಯು ತಾನಾಗಿ ನವಣೆಯ ಕಾಳನ್ನು ಸುಲಿದು ತಿನ್ನುವುದನ್ನು ಕಣ್ಣಾರೆ ನೋಡಲಿ. ಕೈಗುಟುಕು ನಿಲ್ಲಿಸಿ ಎಷ್ಟು ದಿನವಾಯಿತು, ಆಮೇಲೆ ತೂಕ ನಿಂತಿದೆಯೆ ಎಂದು ಕೇಳಲಿ. ಉತ್ತರಕ್ಕೆ ಬದಲಾಗಿ ಸಿರಿಂಜನ್ನು ಕೈಗಿಟ್ಟರೆ, ಮರಿಯನ್ನೂ ಸಿರಿಂಜನ್ನೂ ಅಲ್ಲಿಯೇ ಬಿಟ್ಟು ಬರಲಿ.