ಜೊತೆಯಾಟಗಾರನ ನಾಯಕತ್ವ

ನಮ್ಮ ಶಾಲೆಗಳಲ್ಲಿ ತಂಡದ ನಾಯಕನನ್ನು ಆರಿಸುವ ಕ್ರಮ ಬಲು ಸರಳವಾದುದು. ಎಲ್ಲರಿಗಿಂತ ಹೆಚ್ಚು ಚಪ್ಪಾಳೆ ಗಿಟ್ಟಿಸುವವನೇ ನಾಯಕ. ಈ ಕ್ರಮ ಸರಿಯಲ್ಲವೆಂದು ನಾನು ಬಹುಕಾಲದಿಂದ ಭಾವಿಸಿದ್ದೇನೆ. ಮಹೇಶ ಭೂಪತಿಯವರ ಕ್ರೀಡಾಜೀವನವು ನನ್ನ ಭಾವನೆಯನ್ನು ಬಲಪಡಿಸಿದೆ.

1974ರಲ್ಲಿ ಮದರಾಸಿನಲ್ಲಿ ಜನಿಸಿ ಬೆಂಗಳೂರನ್ನು ನೆಲೆಯಾಗಿಸಿಕೊಂಡ ಭೂಪತಿಯವರು ಸಿಂಗಲ್ಸ್ ಆಟದಲ್ಲಿ ದೊಡ್ಡ ಹೆಸರು ಗಳಿಸಲಿಲ್ಲ. ಆದರೆ 1997ರಲ್ಲಿ ಜಪಾನಿನ ರಿಕಾ ಹಿರಾಕಿಯವರೊಡನೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದು, ಹಿರಿಯರ ವಿಭಾಗದಲ್ಲಿ ಗ್ರ್ಯಾಂಡ್ ಸ್ಲಾಮ್ ಪ್ರಶಸ್ತಿ ಪಡೆದ ಪ್ರಥಮ ಭಾರತೀಯರೆನಿಸಿದರು. 1999ರಲ್ಲಿ ಲಿಯಾಂಡರ್ ಪೇಸ್‌ರೊಡಗೂಡಿ ನಾಲ್ಕೂ ಮಹಾಪಂದ್ಯಾವಳಿಗಳ ಅಂತಿಮ ಘಟ್ಟವನ್ನು ತಲುಪಿ ಎರಡನ್ನು ಗೆದ್ದರು. ಒಟ್ಟು 12 ಪ್ರಶಸ್ತಿಗಳಲ್ಲಿ ಎಂಟು ಮಿಶ್ರ ಡಬಲ್ಸಿನವು. ಆ ಎಂಟಕ್ಕೆ ಏಳು ಮಂದಿ ಜೊತೆಗಾರ್ತಿಯರು! ಇನ್ನೊಬ್ಬರ ಆಟದ ಲಯಕ್ಕೆ ತನ್ನ ಆಟವನ್ನು ಹೊಂದಿಸಿಕೊಳ್ಳುವ ಈ ಅಭ್ಯಾಸವೇ ನಾಯಕನಿಗೆ ಬೇಕಾದುದು. (ವಾಲಿಬಾಲಿನಲ್ಲಿ ಚೆಂಡನ್ನು ಎತ್ತಿಕೊಡುವ ಹುಡುಗನನ್ನು ನಾವು ನಾಯಕನನ್ನಾಗಿ ಮಾಡಿದುದುಂಟೆ?)

ಇಲ್ಲಿ ಆಕ್ಷೇಪವೊಂದು ಏಳುವುದು ಸಹಜ. ಪೇಸ್‌ರೊಡನೆ ಮನಸ್ತಾಪ ಬೆಳೆಸಿಕೊಂಡು, 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಅವರ ಜೊತೆ ಆಡಲೊಲ್ಲೆನೆಂದವರು ಇದೇ ಭೂಪತಿಯವರಲ್ಲವೆ? ಹೌದು. ಆ ಹಟವನ್ನು ನಾನು ಮೆಚ್ಚಲಾರೆ.

2017ರಲ್ಲಿ ಅವರು ಡೇವಿಸ್ ಕಪ್ ತಂಡದ ಆಡದ ನಾಯಕರಾದರು. ಈ ಸ್ಪರ್ಧೆಯಲ್ಲಿ ನಾಯಕನಿಗೆ ಅಂಗಣದೊಳಗೇ ಆಸನವುಂಟು. ಆಟಗಾರರು ಪಕ್ಕ ಬದಲಿಸುವಾಗ ಅವರಿಗೆ ಬುದ್ಧಿ ಹೇಳಬಹುದು. ಆ ವರ್ಷದ ಏಪ್ರಿಲ್‌ನಲ್ಲಿ ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಉಜ್ಬೇಕಿಸ್ತಾನದ ವಿರುದ್ಧ ಪಂದ್ಯ. ಡೇವಿಸ್ ಕಪ್ ಡಬಲ್ಸ್‌ನಲ್ಲಿ ವಿಶ್ವದಾಖಲೆ ಸ್ಥಾಪಿಸಲು 43 ವರ್ಷದ ಪೇಸ್‌ರಿಗೆ ಇನ್ನೊಂದೇ ಗೆಲುವು ಸಾಕಾಗಿತ್ತು. ನಾಯಕರು ಅವರನ್ನು ಕೈಬಿಟ್ಟು, ಕೊಡಗಿನ ರೋಹನ್ ಬೋಪಣ್ಣ ಮತ್ತು ಶ್ರೀರಾಮ್ ಬಾಲಾಜಿಯವರನ್ನು ಇಳಿಸಿದರು. ಆ ಜೋಡಿ ಗೆದ್ದಿತು. ಭಾರತ 4-1ರಿಂದ ಜಯಶಾಲಿಯಾಯಿತು. ಹಳೆಯ ಹಗೆಯ ಫಲವಿದೆಂದು ಆಡಿಕೊಂಡವರುಂಟು. ಒಬ್ಬರ ದಾಖಲೆಗಾಗಿ ತಂಡವನ್ನು ಕಟ್ಟದಿದ್ದುದು ನ್ಯಾಯವೆಂದೇ ನನ್ನ ಮತ. ಆದರೆ ಬಳಿಕ ತಮ್ಮಿಬ್ಬರ ಖಾಸಗಿ ಸಂದೇಶಗಳನ್ನು ನಾಯಕರು ಬಹಿರಂಗಪಡಿಸಿದುದು ಆ ಪದವಿಗೆ ಶೋಭೆ ತರಲಿಲ್ಲ. ಅದನ್ನು ಮುಚ್ಚಿಡಬೇಕಾಗಿಲ್ಲ.

2018ರ ಏಪ್ರಿಲ್‌ನಲ್ಲಿ ಚೀನದ ಟಿಯಾಂಜಿನ್‌ನಲ್ಲಿ ಮೊದಲ ದಿನವೇ ಭಾರತ 0-2ರಿಂದ ಹಿಂದೆ ಬಿದ್ದಿತ್ತು. ಮರುದಿನ ಡಬಲ್ಸ್‌ಗೆ ಇಳಿದವರು ಬೋಪಣ್ಣ ಮತ್ತು ತಂಡಕ್ಕೆ ಮರಳಿದ್ದ ಪೇಸ್. ಮೊದಲ ಸೆಟ್ ಸೋತರೂ ಉಳಿದೆರಡನ್ನು ಟೈಬ್ರೇಕರಿನಲ್ಲಿ ಗೆದ್ದರು. ಪೇಸ್‌ರ 43ನೆಯ ಡಬಲ್ಸ್ ಗೆಲುವು ವಿಶ್ವದಾಖಲೆಯಾಯಿತು. ರಾಮಕುಮಾರ್ ರಾಮನಾಥನ್ ಸಮಬಲ ತಂದರು. ಪ್ರಜ್ಞೇಶ್ ಗುಣೇಶ್ವರನ್ ಕೊನೆಯ ಪಂದ್ಯವನ್ನು ಗೆದ್ದು 3-2 ಮಾಡಿದರು. ಅಂದು ದಿನವಿಡೀ ಅಂಗಣದ ಕುರ್ಚಿಯಲ್ಲಿ ಕುಳಿತು, ಪಕ್ಕ ಬದಲಿಸುವ ವೇಳೆಗೆ ಪೇಸ್‌ರಿಗೆ ಎದುರಾಗುತ್ತಿದ್ದವರು ಭೂಪತಿಯವರೇ.