ಸ್ವರದ ನಡುವಿನ ಉಸಿರು

ಪುಷ್ಯ ಮಾಸದ ಬನದ ಹುಣ್ಣಿಮೆಯಂದು ಬಾದಾಮಿ ಬಳಿಯ ಬನಶಂಕರಿಯಲ್ಲಿ ತೇರು ಎಳೆದ ಮೇಲೆಯೂ ನಾಟಕ ಕಂಪನಿಗಳು ಹಲವು ವಾರ ಅಲ್ಲಿಯೇ ಬೀಡುಬಿಟ್ಟಿರುತ್ತವೆ. ಒಮ್ಮೆ ಭಕ್ತರ ಮನೆಯ ತರುಣನೊಬ್ಬನು ನಾಟಕಕ್ಕೆ ನನ್ನೊಡನೆ ಬಂದಿದ್ದನು. ಲೀಡ್ ಗಿಟಾರ್ ಕಲಿಯುತ್ತಿದ್ದ ಆತನು ವಾದ್ಯವನ್ನು ಮಾರಿಬಿಡುವ ಮಾತಾಡುತ್ತಿದ್ದನು. "ಅಜ್ಜಾರ, ಕೈ ಓಡ್ತದ, ಹಾಡು ಆಗೂದಿಲ್ಲ" ಎಂಬುದೇ ಆತನ ಕೊರಗು.

ಪೇಟಿ ಮಾಸ್ತರರನ್ನು ಗಮನಿಸೆಂದೆನು. (ಪೇಟಿಯೂ ಪರದೇಶದಿಂದ ಬಂದ ವಾದ್ಯವೆಂಬುದನ್ನು ಗಿಟಾರನ್ನು ಹಳಿಯುವ ಹಿರಿಯರು ಮರೆತಿದ್ದಾರೆ.) ನಟನು ಹಾಡುವಾಗ ಅವರು ಹಿಂದೆ ಸರಿಯುತ್ತಿದ್ದರು, ಆತನು ಉಸಿರೆಳೆದುಕೊಳ್ಳುವ ಎಡೆಯಲ್ಲಿ ನಾಲ್ಕು ಸ್ವರ ನುಡಿಸಿ, ತಬಲಾದ ಸಮಕ್ಕೆ ಸರಿಯಾಗಿ ನಿಲ್ಲುತ್ತಿದ್ದರು.

ಪೇಟಿಯ ಸ್ವರವು ತಿದಿಯಲ್ಲಿ ಗಾಳಿಯಿರುವವರೆಗೆ ನಿಲ್ಲುತ್ತದೆ. ಗಿಟಾರಿನ ತಂತಿಯ ನಾದವಾದರೋ ಮೀಟಿದೊಡನೆ ಕ್ಷೀಣಿಸತೊಡಗುತ್ತದೆ. ಆ ಬರಿದನ್ನು ಸಹಿಸಲಾರದೆ ಕಲಿಯುವವರು ಸ್ವರಗಳನ್ನು ತುರುಕುತ್ತಾರೆ. ಹಾಡಿನ ಸಾಲು ಕೆಡುವುದು ಅಲ್ಲಿಯೇ.

ಗದಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು (1914–2010) ಪೇಟಿ, ಪಿಟೀಲು, ತಬಲಾ ನುಡಿಸಿದವರು, ನಾಟಕ ಸಂಘವನ್ನೂ ಕಟ್ಟಿದವರು, ಜೊತೆಗೆ ಗಾಯಕರು. ಕಂಠವನ್ನು ಬಿಟ್ಟು ವಾದ್ಯವಿಲ್ಲವೆಂಬುದಕ್ಕೆ ಬೇರೆ ನಿದರ್ಶನವೇಕೆ? 16 ಮಾತ್ರೆಯ ತ್ರಿತಾಲಕ್ಕೆ ಕೈತಟ್ಟುತ್ತ ಒಂದು ಸಾಲನ್ನು ಬಾಯಲ್ಲಿ ಹಾಡು, ಅಷ್ಟನ್ನೇ ನುಡಿಸು, ಉಸಿರೆಳೆದಲ್ಲಿ ಕೈಯೂ ನಿಲ್ಲಲಿ ಎಂದೆನು.

ಮರಳುವಾಗ ಬಸ್ಸಿನಲ್ಲಿ ಆತನು ಗುನುಗುತ್ತ ತೊಡೆಯ ಮೇಲೆ ತಾಳ ಹಾಕುತ್ತಿದ್ದನು. ಎರಡು ಬಾರಿ ಸಮ ತಪ್ಪಿತು, ನಾನು ಸುಮ್ಮನಿದ್ದೆನು.