ಅತ್ತೆಯ ದಾವೆ, ತಂಗಿಯ ಪರೀಕ್ಷೆ

ಬಿಕ್ಕೋಡಿಗೆ ಹೋದಾಗ ಕಣದಲ್ಲಿ ಕಾಫಿ ಒಣಗ್ತಾ ಇತ್ತು. ಹಣ್ಣು ಕೆದಕುತ್ತಲೇ ಅಪ್ಪ, "ಜಡ್ಜು ಮತ್ತೆ ಬದಲಾದ್ರು ಕಣೋ" ಅಂದರು.

ನಮ್ಮದು ಪಾಲಿನ ದಾವೆ. ಅಪ್ಪನ ತಂಗಿ, ಅಂದರೆ ನಮ್ಮತ್ತೆ, ತೋಟದಲ್ಲಿ ತನ್ನ ಭಾಗ ಕೇಳಿ ಹಾಕಿದ್ದು. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಇದೆ. ಅದರಲ್ಲಿ ತಕರಾರಿಲ್ಲ. ಜಗಳ ಇರೋದು ಯಾವ ಸರ್ವೆ ನಂಬರು ತಾತನದು, ಯಾವುದು ಅಪ್ಪ ದುಡಿದು ಕೊಂಡದ್ದು ಅನ್ನೋದರಲ್ಲಿ.

ಏಳು ವರ್ಷಕ್ಕೆ ಮೂರು ಜಡ್ಜ್‌ಗಳಾದರು. ನಡುವೆ ಕುರ್ಚಿ ಖಾಲಿ ಇದ್ದ ತಿಂಗಳುಗಳೂ ಇವೆ. ಹಿಂದಿನವರು ದಾಖಲಿಸಿದ ಸಾಕ್ಷ್ಯದಿಂದಲೇ ಹೊಸಬರು ಮುಂದುವರಿಯಬಹುದು. ಆದರೆ ವಾದ ಕೇಳಿದವರು ತೀರ್ಪು ಬರೆಯದೆ ವರ್ಗವಾದರೆ ವಾದ ಮತ್ತೆ ಶುರು. ನಮಗಾದದ್ದು ಅದೇ.

ಜಡ್ಜ್‌ಗಳ ನೇಮಕ ಅಂದ್ರೆ ಟಿವಿಯಲ್ಲಿ ಕೊಲಿಜಿಯಂ ಚರ್ಚೆ ಮಾತ್ರ ನಡೆಯುತ್ತೆ. ಅದು ಹೈಕೋರ್ಟ್, ಸುಪ್ರೀಂ ಕೋರ್ಟ್‌ಗೆ. ನಮ್ಮ ಪಹಣಿ ಮೊದಲು ನೋಡುವವರು ಸಿವಿಲ್ ಜಡ್ಜು. ಅವರನ್ನು ನಮ್ಮಲ್ಲಿ ಆರಿಸುವುದು ಹೈಕೋರ್ಟ್ ನಡೆಸುವ ಪರೀಕ್ಷೆ: ಪೂರ್ವಭಾವಿ, ಮುಖ್ಯ ಪರೀಕ್ಷೆ, ಆಮೇಲೆ ಸಂದರ್ಶನ.

ಈ ಪರೀಕ್ಷೆಯ ಬಾಗಿಲು ಒಮ್ಮೆ ತೆರೆದು ಈಗ ಮತ್ತೆ ಕಿರಿದಾಗಿದೆ. 1993ರಲ್ಲಿ ಸುಪ್ರೀಂ ಕೋರ್ಟ್ ಮೂರು ವರ್ಷದ ವಕೀಲಿಕೆ ಕಡ್ಡಾಯ ಅಂದಿತ್ತು. ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ ಅವರ ಆಯೋಗದ ಶಿಫಾರಸು ಒಪ್ಪಿ 2002ರಲ್ಲಿ ಅದನ್ನು ಕೈಬಿಟ್ಟಿತು. 2025ರ ಮೇ 20ರಂದು ಮತ್ತೆ ತಂದಿತು. ಲಾ ಕ್ಲರ್ಕ್ ಆಗಿ ಮಾಡಿದ ಕೆಲಸವೂ ಲೆಕ್ಕಕ್ಕೆ ಬರುತ್ತೆ. ಆಯ್ಕೆಯಾದವರು ಪೀಠದಲ್ಲಿ ಕೂರುವ ಮುನ್ನ ಒಂದು ವರ್ಷ ತರಬೇತಿಯನ್ನೂ ಮುಗಿಸಬೇಕು.

ಅಪ್ಪನಿಗೆ ಇದು ಸರಿ. "ಪೋಡಿ, ಮ್ಯುಟೇಷನ್ ಕಣ್ಣಲ್ಲಿ ನೋಡದೋರು ತೋಟ ಹೆಂಗೆ ಭಾಗ ಮಾಡ್ತಾರೆ?"

ಈಚೆಗೆ ಕಾನೂನು ಪದವಿ ಮುಗಿಸಿದ ತಂಗಿಗೆ ಸಿಟ್ಟು. "ಜೂನಿಯರ್‌ಗೆ ಸಿಗೋ ದುಡ್ಡು ಪಿ.ಜಿ. ಬಾಡಿಗೆಗೂ ಸಾಲಲ್ಲ ಅಣ್ಣ. ಮೂರು ವರ್ಷ ಮನೆಯವರು ಸಾಕೋ ಹಾಗಿದ್ರೆ ಮಾತ್ರ ಜಡ್ಜ್ ಆಗ್ಬೇಕಾ?"

ನನಗೆ ಇಬ್ಬರದೂ ಸರಿ ಅನ್ನಿಸ್ತು. ಸಿವಿಲ್ ಕೇಸು ಹಳೇ ಕಾಗದದ ಮೇಲೆ ನಿಲ್ಲುತ್ತೆ. ಆ ಕಾಗದ ಓದೋದು ವಕೀಲರ ಆಫೀಸಿನಲ್ಲಿ ಕೂತರೇ ರೂಢಿಯಾಗೋದು. ಆದರೆ ಜೂನಿಯರ್‌ಗಳಿಗೆ ಬದುಕುವಷ್ಟು ಸ್ಟೈಪೆಂಡ್ ಕೊಡದೆ ಅನುಭವ ಕೇಳಿದರೆ ಬಡವರ ಮನೆಯ ಮಕ್ಕಳು ಪರೀಕ್ಷೆಗೂ ಮೊದಲೇ ಹೊರಗುಳಿಯುತ್ತಾರೆ. ಕುರ್ಚಿ ಖಾಲಿ ಇದ್ದರಂತೂ ಯಾವ ಅನುಭವವೂ ಉಪಯೋಗಕ್ಕಿಲ್ಲ.

ನಿಮ್ಮ ಮನೆಯಲ್ಲೂ ಇಂಥ ದಾವೆ ಇದ್ದರೆ ಒಂದು ಮಾತು. ಬಾಯಿವಾದದ ಜೊತೆ ಲಿಖಿತ ವಾದವನ್ನೂ ಸಲ್ಲಿಸೋಕೆ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಅವಕಾಶ ಇದೆ. ಅದು ಕಡತದಲ್ಲೇ ಉಳಿಯುತ್ತೆ, ಜಡ್ಜು ಬದಲಾದರೂ ಓದೋಕೆ ಸಿಗುತ್ತೆ. ನಿಮ್ಮ ವಕೀಲರನ್ನು ಕೇಳಿ. ನಾವು ಕೇಳಿದ್ದು ತಡವಾಯಿತು.

ಅತ್ತೆಗೆ ಈಗ ಅರವತ್ತೆಂಟು. ಹೊರಡುವಾಗ ಅಪ್ಪ ಒಂದು ಚೀಲ ಮೆಣಸು ಕಾರಿಗೆ ಹಾಕಿ, "ದಾರೀಲಿ ಅವಳ ಮನೆಗೆ ಕೊಟ್ಟು ಹೋಗು, ನಾನು ಕೊಟ್ಟೆ ಅನ್ಬೇಡ" ಅಂದರು. ಕೊಟ್ಟೆ. ಯಾರು ಕಳಿಸಿದ್ದು ಅಂತ ಅತ್ತೆ ಕೇಳಲಿಲ್ಲ, "ಮುಂದಿನ ವಾಯಿದೆ ಯಾವತ್ತು?" ಅಂತಷ್ಟೇ ಕೇಳಿದರು.